ಬೆಕ್ಕು ಟ್ರೇ ಬಿಟ್ಟು ಮನೆಯೆಲ್ಲ ಗಲೀಜು ಮಾಡಿದರೆ

ಕೊಡಗಿನಲ್ಲಿ ಬೆಕ್ಕು ಸಾಕಿದವರಿಗೆ ಜೂನ್ ಬಂತೆಂದರೆ ಒಂದು ತಲೆನೋವು ಖಾಯಂ. ಬೇಸಿಗೆಯುದ್ದಕ್ಕೂ ಕಾಫಿ ಗಿಡದ ಬುಡದಲ್ಲಿ ತರಗೆಲೆ ಕೆದರಿ ಕೆಲಸ ಮುಗಿಸುತ್ತಿದ್ದ ಬೆಕ್ಕು, ಮಳೆ ಹಿಡಿದ ಮೇಲೆ ಅಂಗಳಕ್ಕೆ ಕಾಲಿಡುವುದಿಲ್ಲ. ಗೋಣಿಚೀಲದ ರಾಶಿ, ಸೌದೆ ಇಟ್ಟ ಮೂಲೆ, ಮಂಚದ ಕೆಳಗಿನ ಕಂಬಳಿ ಹೀಗೆ ಒಂದೊಂದೇ ಜಾಗ ಹಿಡಿಯುತ್ತದೆ. ಲಿಟರ್ ಟ್ರೇ, ಅಂದರೆ ಬೆಕ್ಕಿನ ಕಕ್ಕಸಿಗೆಂದು ಮರಳಿನಂಥ ಲಿಟರ್ ತುಂಬಿದ ತಟ್ಟೆ ಇಟ್ಟರೆ ಅದರ ಪಕ್ಕದಲ್ಲೇ ಮಾಡಿ ಹೋಗುವುದೂ ಉಂಟು. ‘ಬೇಕಂತಲೇ ಸೇಡು ತೀರಿಸ್ಕೊಳ್ತಿದೆ’ ಎಂದು ಬೈಯುವವರೇ ಜಾಸ್ತಿ. ಬೆಕ್ಕಿಗೆ ಸೇಡು ಗೀಡು ಏನೂ ಇಲ್ಲ. ಹೊಡೆಯುವುದು, ಮೂತಿ ಹಿಡಿದು ಗಲೀಜಿಗೆ ಉಜ್ಜುವುದು ಬೇಡವೇ ಬೇಡ. ಹಾಗೆ ಮಾಡಿದರೆ ಅದು ಇನ್ನೂ ಸಿಗದ ಜಾಗ ಹುಡುಕಿಕೊಳ್ಳುತ್ತದೆ, ಅಷ್ಟೇ.

1. ಮೊದಲು ಕಾಯಿಲೆ ಇದೆಯಾ ನೋಡಿ

ಗಂಡು ಬೆಕ್ಕು ಪದೇ ಪದೇ ಕುಕ್ಕರಿಸಿ ಕೂತು ತಿಣುಕುತ್ತಾ, ಹನಿಯೂ ಬಾರದೆ, ಹಿಂದೆ ನೆಕ್ಕಿಕೊಳ್ಳುತ್ತಿದ್ದರೆ ಅದರ ಮೂತ್ರನಾಳ ಕಟ್ಟಿರಬಹುದು. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾ ಕೂರಬೇಡಿ, ಆಗಲೇ ಪಶುವೈದ್ಯರ ಹತ್ತಿರ ಓಡಿ.

2. ಉಚ್ಚೆಯೋ, ಗುರುತೋ?

ನೆಲದ ಮೇಲೆ ಕೆರೆಯಂತೆ ಇದ್ದರೆ ಉಚ್ಚೆ. ಬಾಲ ಎತ್ತಿ ನಡುಗಿಸುತ್ತಾ, ನಿಂತುಕೊಂಡೇ ಗೋಡೆಗೋ ಬೀರುವಿಗೋ ಚಿಮ್ಮಿಸಿದ್ದರೆ ಅದು ಗಡಿ ಗುರುತು. ಇದಕ್ಕೆ ಸಂತಾನಹರಣ ಆಪರೇಷನ್ ಮಾಡಿಸಿ. ಬಹುತೇಕ ಗಂಡು ಬೆಕ್ಕುಗಳು ಆಮೇಲೆ ಈ ಚಾಳಿ ಬಿಡುತ್ತವೆ.

3. ಹಳೆಯ ವಾಸನೆ ತೆಗೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಬಕೆಟ್ ನೀರಿಗೆ ಫಿನಾಯಿಲ್ ಹಾಕಿ ಒರೆಸಿ ಕೈ ತೊಳೆದುಕೊಂಡರೆ ಕೆಲಸ ಮುಗಿಯಲಿಲ್ಲ. ಬೆಕ್ಕಿನ ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ಸಣ್ಣ ಹರಳುಗಳಾಗಿ ನೆಲದ ಸೀಳುಗಳಲ್ಲಿ ಕೂರುತ್ತದೆ. ಅದು ನೀರಿಗೂ ಕರಗುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಒಣಗಿದಾಗ ವಾಸನೆ ಇರುವುದಿಲ್ಲ. ಗಾಳಿಯಲ್ಲಿ ತೇವ ಏರಿದ ಕೂಡಲೇ ಮತ್ತೆ ಎದ್ದುಬರುತ್ತದೆ. ಏಪ್ರಿಲ್‌ನಲ್ಲಿ ಹೋಯಿತು ಅಂದುಕೊಂಡ ವಾಸನೆ ಜುಲೈನಲ್ಲಿ ಮೂಗಿಗೆ ಹೊಡೆಯುವುದು ಇದಕ್ಕೇ. ನಮಗೇ ಹೊಡೆದರೆ ಬೆಕ್ಕಿನ ಮೂಗಿಗೆ ಇನ್ನೆಷ್ಟು! ಅದರ ಲೆಕ್ಕದಲ್ಲಿ ಆ ಜಾಗ ಇನ್ನೂ ಕಕ್ಕಸೇ.

ಫಿನಾಯಿಲ್‌ನಿಂದ ಇನ್ನೊಂದು ಅಪಾಯವಿದೆ. ಅದರಂಥ ದ್ರವಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಿಕೊಳ್ಳಲಾರದು. ನೆಲದ ಮೇಲೆ ನಡೆದ ಕಾಲನ್ನು ನೆಕ್ಕಿಕೊಂಡರೆ ವಿಷ ಹೊಟ್ಟೆಗೆ. ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ದ್ರವಗಳನ್ನೂ ದೂರ ಇಡಿ. ಬ್ಲೀಚ್ ಉಚ್ಚೆಗೆ ಸೇರಿದರೆ ಕೆಟ್ಟ ಹೊಗೆ ಏಳುತ್ತದೆ. ಮೂಲೆಗೆ ನುಸಿಗುಳಿಗೆ ಎಸೆಯುವ ಸುಲಭೋಪಾಯವೂ ಬೇಡ, ಅದೂ ಬೆಕ್ಕಿಗೆ ವಿಷ.

ಬೇಕಾಗಿರುವುದು ಆ ಹರಳುಗಳನ್ನು ಒಡೆಯುವ ಕಿಣ್ವ ಇರುವ ಕ್ಲೀನರ್. ಸಾಕುಪ್ರಾಣಿ ಅಂಗಡಿಯಲ್ಲಿ ‘ಎನ್‌ಜೈಮ್ ಕ್ಲೀನರ್’ ಎಂದು ಕೇಳಿ. ರಾತ್ರಿ ದೀಪ ಆರಿಸಿ, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದರೆ ಹಳೆಯ ಕಲೆಗಳು ಮಂಕು ಹಳದಿ-ಹಸಿರಾಗಿ ಹೊಳೆಯುತ್ತವೆ. ಅವುಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೊದಲು ಹಾಕಿದ ಫಿನಾಯಿಲ್, ಸೋಪಿನ ಅಂಶವನ್ನು ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಇಲ್ಲದಿದ್ದರೆ ಕಿಣ್ವ ಕೆಲಸ ಮಾಡದು. ಆಮೇಲೆ ಗೆರೆಯಾಚೆ ಒಂದು ಗೇಣು ಹೋಗುವಷ್ಟು ಧಾರಾಳವಾಗಿ ಕ್ಲೀನರ್ ಸುರಿಯಿರಿ. ಸುಮ್ನೆ ಎರಡು ಸಲ ಸ್ಪ್ರೇ ಮಾಡಿ ಒರೆಸಿದರೆ ದುಡ್ಡು ದಂಡ. ಉಚ್ಚೆ ಇಳಿದಷ್ಟು ಆಳಕ್ಕೆ ಕ್ಲೀನರೂ ಇಳಿಯಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಒದ್ದೆಯಾಗಿಯೇ ಬಿಡಿ. ಬೆಳಿಗ್ಗೆ ಹಾಳೆ ತೆಗೆದು ಫ್ಯಾನ್ ಹಾಕಿ ಒಣಗಿಸಿ. ನಮ್ಮ ಮಳೆಯಲ್ಲಿ ಯಾವುದೂ ಬೇಗ ಒಣಗಲ್ಲ ಅಲ್ವಾ? ಹಾಗಾಗಿ ಹೊಳವಾದ ದಿನ ನೋಡಿ, ಒಂದು ಸಲಕ್ಕೆ ಒಂದೇ ಜಾಗ ಹಿಡಿಯಿರಿ. ಹಳೆಯ ಕಲೆಗೆ ಇನ್ನೊಂದು ಸುತ್ತು ಬೇಕಾಗುತ್ತದೆ.

ವಿನೆಗರ್ ಹಾಕಿ ಎನ್ನುವವರಿದ್ದಾರೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಅದು ತಾಗಿದರೆ ಹೊಳಪು ಹೋಗುತ್ತದೆ. ನನ್ನ ಕೇಳಿದರೆ ಬೇಡ. ಹತ್ತಿ ಹಾಸಿಗೆಗೆ ಉಚ್ಚೆ ಇಳಿದಿದ್ದರೆ ಆಸೆ ಬಿಡಿ. ಗೋಣಿಚೀಲವನ್ನೂ ಎಸೆಯಿರಿ. ರೇಟಿಗೆ ಕಾದು ಚೆರಿ ಕಾಫಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಇಟ್ಟುಕೊಂಡವರು ಆ ಕೋಣೆಗೆ ಬೆಕ್ಕನ್ನೇ ಬಿಡಬೇಡಿ. ಕಾಫಿ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

4. ಬೆಕ್ಕಿಗೆ ಹಿಡಿಸುವ ಟ್ರೇ

ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಲಿ. ಒಳಗೆ ಆರಾಮಾಗಿ ತಿರುಗುವಷ್ಟು ದೊಡ್ಡದಿರಲಿ. ಅಂಗಡಿಯವರು ತೋರಿಸುವ ಮುಚ್ಚಳದ ಟ್ರೇ ನೋಡಲು ಚೆಂದ, ಒಳಗೆ ಮಾತ್ರ ನಾತ ಕಟ್ಟಿಕೊಳ್ಳುತ್ತದೆ. ದುಡ್ಡಿನ ಡಬ್ಬದಂಥ ಪುಟ್ಟ ಟ್ರೇಗಿಂತ ಸಿಮೆಂಟ್ ಕಲಸುವ ಅಗಲದ ಪ್ಲಾಸ್ಟಿಕ್ ಬಾಂಡ್ಲಿ ಎಷ್ಟೋ ಮೇಲು. ಲ್ಯಾವೆಂಡರ್ ಸೆಂಟಿನ ಲಿಟರ್ ತರಲೇಬೇಡಿ. ವಾಸನೆ ಇಲ್ಲದ್ದನ್ನು ಎರಡು-ಮೂರು ಇಂಚು ಹಾಕಿ. ಮಳೆಗೆ ಮುಂಚೆ ಜರಡಿ ಹಿಡಿದು ಒಣಗಿಸಿಟ್ಟ ಮರಳೂ ಆದೀತು. ಒಲೆ ಬೂದಿ ಬೇಡ, ಒದ್ದೆಯಾದರೆ ಪಾದ ಸುಡುತ್ತದೆ. ತೋಟದಲ್ಲಿ ಪುಕ್ಕಟೆ ಸಿಗುತ್ತೆ ಅಂತ ಕಾಫಿ ಸಿಪ್ಪೆಯೂ ಬೇಡ, ಅದರಲ್ಲಿ ಕೆಫೀನ್ ಇರುತ್ತದೆ.

ದಿನಕ್ಕೆ ಎರಡು ಸಲ ಎತ್ತಿ ಹಾಕಿ. ಬಸುರಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ. ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ.

5. ಜಾಗ

ಬೆಕ್ಕು ತಾನೇ ಹಿಡಿದ ಮೂಲೆಯಲ್ಲೇ ಟ್ರೇ ಇಡಿ. ಎರಡು ವಾರ ಸರಿಯಾಗಿ ಬಳಸಿದ ಮೇಲೆ ದಿನಕ್ಕೊಂದು ಗೇಣಿನಂತೆ ನಿಮಗೆ ಬೇಕಾದ ಕಡೆಗೆ ಸರಿಸಿ. ಒಂದೇ ಏಟಿಗೆ ಬಚ್ಚಲಿಗೆ ಒಯ್ದರೆ ಮೊದಲಿನ ಕಥೆಯೇ. ಟ್ರೇ ಹೋದ ಮೂಲೆಯಲ್ಲಿ ಊಟದ ತಟ್ಟೆ ಇಡಿ, ಉಣ್ಣುವಲ್ಲಿ ಬೆಕ್ಕು ಹೇಸಿಗೆ ಮಾಡುವುದು ಅಪರೂಪ. ಮನೆಯಲ್ಲಿ ನಾಯಿ ಇದ್ದರೆ ಅದು ಮಲಗುವ ದಾರಿಯಲ್ಲಿ ಟ್ರೇ ಇಡಬೇಡಿ. ಓಡಿಹೋಗಲು ಎರಡು ಕಡೆ ದಾರಿ ಇರುವ ಜಾಗ ನೋಡಿ.