ಮೊದಲು ಕೂದಲು ಕಿತ್ತು ನೋಡುತ್ತೇನೆ, ಆಮೇಲೆ ಜೋಡಿ

ಆ ಕುದುರೆ ಮರಿ ಹುಟ್ಟಿದ್ದು ಬೆಳಗಿನ ಜಾವ. ಹಾಲಿನಂಥ ಬಿಳಿ ಮೈ, ಗುಲಾಬಿ ಚರ್ಮ, ನೀಲಿ ಕಣ್ಣು. ತಾನೇ ಎದ್ದು ನಿಂತಿತು, ಗಿಣ್ಣುಹಾಲೂ ಕುಡಿಯಿತು. ನನಗೆ ಖುಷಿಯೋ ಖುಷಿ. ಆದರೆ ಹೊತ್ತೇರಿದರೂ ಮೊದಲ ಲದ್ದಿ ಬೀಳಲಿಲ್ಲ. ಮಧ್ಯಾಹ್ನಕ್ಕೆ ಹೊಟ್ಟೆ ಉಬ್ಬಿತು. ಹೊರಳಾಡುತ್ತಾ ಮತ್ತೆ ಮತ್ತೆ ತನ್ನ ಪಕ್ಕೆಯ ಕಡೆಗೇ ತಿರುಗಿ ನೋಡುತ್ತಿತ್ತು. ಇದಕ್ಕೆ ಚಿಕಿತ್ಸೆ ಇಲ್ಲ ಎಂದರು ಡಾಕ್ಟರು. ನರಳುವುದು ಬೇಡವೆಂದು ಸಂಜೆಯೊಳಗೆ ದಯಾಮರಣದ ಇಂಜೆಕ್ಷನ್ ಕೊಡಿಸಿದೆ.

ಅದರ ತಂದೆ, ತಾಯಿ ಎರಡರಲ್ಲೂ ಫ್ರೇಮ್ ಓವೆರೋ ಎಂಬ ಬಿಳಿ ಮಚ್ಚೆಯ ಜೀನ್ ಇತ್ತು. ಒಂದೇ ಪ್ರತಿ ಇದ್ದರೆ ಮೈಮೇಲೆ ಬಿಳಿ ಮಚ್ಚೆ ಬರಬಹುದು, ಕುದುರೆ ಚೆನ್ನಾಗಿಯೇ ಇರುತ್ತದೆ. ಎರಡು ಪ್ರತಿ ಸೇರಿದರೆ ಮರಿ ಉಳಿಯುವುದಿಲ್ಲ. ಬಣ್ಣದ ಜೀವಕೋಶಗಳು, ಕರುಳನ್ನು ಆಡಿಸುವ ನರಕೋಶಗಳು, ಎರಡೂ ಭ್ರೂಣದಲ್ಲಿ ಒಂದೇ ಮೂಲದಿಂದ ಹೊರಟು ತಮ್ಮ ತಮ್ಮ ಜಾಗ ಸೇರಬೇಕು. ಫ್ರೇಮ್ ಓವೆರೋ ಎಂದರೆ ಇಡಿಎನ್‌ಆರ್‌ಬಿ ಎಂಬ ಜೀನಿನ ಕೆಟ್ಟ ರೂಪ, ಎರಡೂ ಪ್ರತಿ ಹೀಗೆ ಕೆಟ್ಟಿದ್ದರೆ ಅವು ಅಲ್ಲಿಗೆ ತಲುಪುವುದೇ ಇಲ್ಲ. ಅದಕ್ಕೇ ಮೈಗೆ ಬಣ್ಣವಿಲ್ಲ, ಕರುಳಿಗೆ ಚಲನೆಯಿಲ್ಲ. ಇದು 1998ರಲ್ಲೇ ಪತ್ತೆಯಾಗಿದ್ದ ವಿಷಯ. ನಾನು ತಿಳಿದುಕೊಂಡಿರಲಿಲ್ಲ, ಅದೇ ಈಗಲೂ ಕೊರೆಯುತ್ತದೆ.

ನನ್ನ ಹೆಣ್ಣುಕುದುರೆಯ ಮೈಮೇಲೆ ಮಚ್ಚೆಯೇ ಇರಲಿಲ್ಲ. ಮುಖದ ಮೇಲೆ ಒಂದು ಅಗಲವಾದ ಬಿಳಿ ಪಟ್ಟೆ, ಅಷ್ಟೇ. ಕಣ್ಣಿಗೆ ಕಾಣದ್ದನ್ನು ಕಣ್ಣಿಂದ ಹುಡುಕಿದರೆ ಸಿಗುತ್ತದೆಯೇ?

ಈಗ ಕೂದಲು ಪರೀಕ್ಷೆಯಾಗದೆ ನಾನು ಜೋಡಿ ಮಾಡಿಸುವುದಿಲ್ಲ. ಜೂಲಿನ 20-30 ಕೂದಲನ್ನು ಬುಡದ ಹತ್ತಿರವೇ ಬೆರಳಿಗೆ ಸುತ್ತಿಕೊಂಡು ಒಂದೇ ಸಲಕ್ಕೆ ಎಳೆಯುತ್ತೇನೆ. ಬೆಳಕಿಗೆ ಹಿಡಿದರೆ ತುದಿಯಲ್ಲಿ ಪುಟ್ಟ ಗಂಟಿನ ಹಾಗೆ ಬೇರು ಕಾಣಬೇಕು. ಪರೀಕ್ಷೆಗೆ ಬೇಕಾದ ಡಿಎನ್‌ಎ ಅಲ್ಲೇ ಇರುವುದು, ಕತ್ತರಿಸಿದ ಕೂದಲು ಸುಮ್ನೆ ದಂಡ. ಒಣಗಿದ ಕೂದಲನ್ನೇ ಕಾಗದದ ಕವರಿಗೆ ಹಾಕಿ ಮೊದಲು ಹೆಸರು ಬರೆಯುತ್ತೇನೆ. ಕೈ ತೊಳೆದ ಮೇಲೆಯೇ ಇನ್ನೊಂದು ಕುದುರೆಯನ್ನು ಮುಟ್ಟುವುದು.

ಫಲಿತಾಂಶ ಬಂದಾಗ ಲೆಕ್ಕ ಸ್ಪಷ್ಟವಾಯಿತು. ಇಬ್ಬರೂ ವಾಹಕರಾದರೆ, ಅಂದರೆ ಒಂದೊಂದು ಕೆಟ್ಟ ಪ್ರತಿ ಹೊತ್ತವರಾದರೆ, ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಬ್ಬರೇ ಆದರೆ ಅಂಥ ಮರಿ ಹುಟ್ಟುವುದಿಲ್ಲ. ಹಾಗಾಗಿ ಹೆಣ್ಣುಕುದುರೆಯನ್ನು ಬಿಡಬೇಕಾಗಿ ಬರಲಿಲ್ಲ, ಗಂಡನ್ನು ಬದಲಾಯಿಸಿದರೆ ಸಾಕಾಯಿತು.

ಬೇರೆ ಬಣ್ಣಗಳಲ್ಲೂ ಇಂಥದ್ದಿದೆ. ಚಿರತೆ ಚುಕ್ಕೆಯ ಜೀನ್ ಎರಡು ಪ್ರತಿ ಇರುವ ಕುದುರೆಗೆ ಹುಟ್ಟಿನಿಂದಲೇ ಇರುಳುಗುರುಡು. ವಯಸ್ಸಾದ ಬೂದು ಕುದುರೆಗಳಲ್ಲಿ ಮೆಲನೋಮಾ ಎಂಬ ಚರ್ಮದ ಗಡ್ಡೆ ತುಂಬಾ ಜಾಸ್ತಿ. ನನ್ನ ಬೂದು ಕುದುರೆಗೆ ಮೈ ಉಜ್ಜುವಾಗ ಬಾಲದ ಅಡಿಯನ್ನು ಬೆರಳಿಂದ ಸವರಿ ನೋಡದೆ ಬಿಡುವುದಿಲ್ಲ.

ಹನ್ನೊಂದು ತಿಂಗಳು ಕಾದ ಮೇಲೆ ಅದೇ ಹೆಣ್ಣುಕುದುರೆ ಮತ್ತೆ ಈಯಿತು. ಕಂದು ಮರಿ. ಗಿಣ್ಣುಹಾಲು ಕುಡಿಯಿತು, ಬಾಲ ಎತ್ತಿತು, ಕಪ್ಪಗೆ ಅಂಟಂಟಾದ ಲದ್ದಿ ಹಾಕಿತು. ನಾನು ಲಾಯದ ಹುಲ್ಲಿನ ಮೇಲೆಯೇ ಕೂತುಬಿಟ್ಟೆ.