ಮೊದಲು ತೆಳು ಆನೋಡೈಸಿಂಗ್, ಮೇಲೆ ಪೌಡರ್: ನನ್ನ ಅನುಭವ

ಅಲ್ಯೂಮಿನಿಯಂ ತುಂಡುಗಳಿಗೆ ಆನೋಡೈಸ್ ಮಾಡಿಸಿ (ಆಸಿಡ್ ತೊಟ್ಟಿಯಲ್ಲಿ ಕರೆಂಟ್ ಹಾಯಿಸಿ ಮೇಲೆ ಆಕ್ಸೈಡ್ ಪದರ ಬೆಳೆಸುವುದು) ಅದರ ಮೇಲೆ ಪೌಡರ್ ಕೋಟಿಂಗ್ (ಒಣ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಕರಗಿಸಿ ಬೇಯಿಸುವುದು) ಮಾಡಿಸುತ್ತೇನೆ ಅಂದಾಗ ಕೇಳಿದವರೆಲ್ಲ ತಲೆ ಅಲ್ಲಾಡಿಸಿದರು. ಒಂದೇ ತುಂಡಿಗೆ ಎರಡು ಸಲ ದುಡ್ಡು ಯಾಕೆ ಅಂದರು. ಹಾಗೆ ಮಾಡಿಸಿದ, ಕಡಲಿಗೆ ಮುಖ ಮಾಡಿ ನಿಂತಿರುವ ಕಂಬದ ದೀಪದ ಬ್ರಾಕೆಟ್‌ಗಳು ಈಗ ನಾಲ್ಕನೇ ಮಳೆಗಾಲ ದಾಟಿವೆ. ಒಂದೂ ಗುಳ್ಳೆ ಎದ್ದಿಲ್ಲ.

ಇಲ್ಲಿಗೆ ಬರುವ ಮೊದಲು ಮೂರು ಸಲ ಸೋತಿದ್ದೇನೆ. ಮೊದಲನೆಯದು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ಅಡಿಬಣ್ಣ, ಅದರ ಮೇಲೆ ಸ್ಪ್ರೇ ಪೇಂಟ್. ವರ್ಷದೊಳಗೆ ಬೋಲ್ಟ್ ತೂತುಗಳ ಸುತ್ತ ಎದ್ದು ಬಂತು. ಆಮೇಲೆ ಕಪ್ಪು ಡೈ ಹಾಕಿದ ಆನೋಡೈಸಿಂಗ್, ಸುಮಾರು 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪ. ನೋಡೋಕೆ ಬಹಳ ಚೆಂದ. ಆದರೆ ಬಿಸಿಲಿಗೆ ಡೈ ತಡೆಯಲಿಲ್ಲ, ಕಪ್ಪು ಹೋಗಿ ನೇರಳೆ ಆಯಿತು.

ಮೂರನೆಯದರಲ್ಲಿ ದುಡ್ಡು ಜಾಸ್ತಿ ಹೋಯಿತು. ಒಳ್ಳೆ ಪಾಲಿಯೆಸ್ಟರ್ ಪೌಡರೇ ಹಾಕಿಸಿದ್ದೆ. ಒಂದೂವರೆ ವರ್ಷಕ್ಕೆ ಅಂಚಿನಿಂದ ಕೂದಲೆಳೆಯಂಥ ಗೆರೆಗಳು ಕೋಟಿಂಗ್ ಅಡಿಯಲ್ಲಿ ಹುಳ ಹರಿದ ಹಾಗೆ ಓಡಿದ್ದವು. ಉಗುರಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಕಳಚುತ್ತಿತ್ತು. ತಪ್ಪು ಪೌಡರಿನದಲ್ಲ. ಅಡಿಯಲ್ಲಿ ಕ್ರೋಮೇಟ್ (ತುಕ್ಕು ತಡೆದು ಬಣ್ಣಕ್ಕೆ ಹಿಡಿತ ಕೊಡುವ ರಾಸಾಯನಿಕ ಪದರ) ಇಲ್ಲ, ಬೇರೆ ಏನೂ ಇಲ್ಲ, ಸುಮ್ನೆ ಜಿಡ್ಡು ತೊಳೆದು ಹೊಡೆದಿದ್ದರು. ನಲವತ್ತು ಚಿಲ್ಲರೆ ತುಂಡು ಬಿಚ್ಚಿಸಿ, ಹಳೆಯದನ್ನು ಕರಗಿಸಿ ತೆಗೆಸಿದ ಖರ್ಚಿಗೆ ಹೊಸ ತುಂಡುಗಳನ್ನೇ ಮಾಡಿಸಬಹುದಿತ್ತು.

ಈಗ ಮಾಡುವುದು ಹೀಗೆ. ಕೊರೆದು, ಕತ್ತರಿಸಿ, ಎಲ್ಲ ಅಂಚುಗಳನ್ನೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಉರುಟು ಮಾಡುತ್ತೇನೆ. ಚೂಪಾದ ಅಂಚಿದ್ದರೆ ಪೌಡರ್ ಕರಗುವಾಗ ಅಲ್ಲಿಂದ ಹಿಂದೆ ಸರಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಆಮೇಲೆ ಸಲ್ಫ್ಯೂರಿಕ್ ಆಸಿಡ್ ತೊಟ್ಟಿಯಲ್ಲಿ ಆನೋಡೈಸಿಂಗ್, 6–8 ಮೈಕ್ರಾನ್ ಅಷ್ಟೇ. ಸೀಲಿಂಗ್, ಅಂದರೆ ಆ ಪದರದ ಸಣ್ಣ ರಂಧ್ರಗಳನ್ನು ಮುಚ್ಚುವ ಕೆಲಸ, ಮಾಡಿಸಲೇಬೇಡಿ. ರಂಧ್ರ ತೆರೆದಿದ್ದರೆ ತಾನೇ ಪೌಡರಿಗೆ ಹಿಡಿತ? ಕೊನೆಯ ತೊಳೆತದ ನೀರು ಜಾಸ್ತಿ ಬಿಸಿಯಾದರೂ ರಂಧ್ರ ಮುಚ್ಚಿಕೊಳ್ಳುತ್ತದೆ. ಎಷ್ಟು ಬಿಸಿ, ಎಷ್ಟು ನಿಮಿಷ ಅನ್ನೋದನ್ನ ಮಾತ್ರ ಹೇಳಲ್ಲ, ಎಷ್ಟೋ ಲಾಟ್ ಹಾಳಾದ ಮೇಲೆ ಕೈಗೆ ಸಿಕ್ಕಿದ್ದು ಅದು. ಚೆನ್ನಾಗಿ ಒಣಗಿಸಿ ಅದೇ ದಿನ ಪಾಲಿಯೆಸ್ಟರ್ ಪೌಡರ್, 70 ಮೈಕ್ರಾನ್ ಆಸುಪಾಸು.

ಎರಕದ ತುಂಡುಗಳ ಮೇಲೂ ಕೈ ಆಡಿಸಿದೆ. ಸಿಲಿಕಾನ್ ಜಾಸ್ತಿ ಇರುವುದರಿಂದ ಆನೋಡೈಸಿಂಗ್ ಬೂದಿಯ ಹಾಗೆ ಬಂತು, ಅದನ್ನು ಬಿಟ್ಟು ಕ್ರೋಮೇಟ್‌ಗೆ ಹೋದೆ. ಪೌಡರ್ ಹಾಕಿದರೆ ಓವನ್‌ನಲ್ಲಿ ಒಳಗಿನ ಗಾಳಿ ಹೊರಬಂದು ಸೂಜಿಮೊನೆಯಷ್ಟು ತೂತುಗಳು. ಪೌಡರ್ ಬೇಯುವ ಬಿಸಿಗಿಂತ ಸ್ವಲ್ಪ ಜಾಸ್ತಿಗೆ ಖಾಲಿ ತುಂಡನ್ನೇ ಮೊದಲು ಕಾಯಿಸಿದ ಮೇಲೆ ಬಹುಪಾಲು ನಿಂತಿತು.

ಎರಡು ಲೋಹ ಒಂದಕ್ಕೊಂದು ತಾಗದ ಹಾಗೆ ಸ್ಟೇನ್‌ಲೆಸ್ ಬೋಲ್ಟ್ ಅಡಿಗೆ ನೈಲಾನ್ ವಾಷರ್, ತೂತಿಗೆ ಬುಷ್ (ಒಳಗೆ ಕೂರುವ ಸಣ್ಣ ಕೊಳವೆ) ಮರೆಯಬೇಡಿ. ಉಪ್ಪುನೀರು ಸೇರಿದರೆ ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ.

ಬರೀ ಪೌಡರಿಗಿಂತ ಖರ್ಚು ಒಂದೂವರೆ ಪಟ್ಟು. ಕಂಬ ಹತ್ತಿ ಒಂದು ಸಲ ಬಿಚ್ಚಿ ತರುವ ಕೂಲಿಯ ಮುಂದೆ ಅದು ಏನೂ ಅಲ್ಲ. ಆ ದೀಪದ ಬ್ರಾಕೆಟ್‌ಗಳ ಲಾಟಿನದೇ ಒಂದು ತುಂಡಿಗೆ ಬೇಕಂತಲೇ ಲೋಹ ಕಾಣುವಷ್ಟು ಗೀರು ಹಾಕಿ, ಕಡಲ ಕಡೆಗೆ ತಿರುಗಿಸಿ ಕಟ್ಟಿದ್ದೇನೆ. ಮೊನ್ನೆ ಮಸೂರ ಹಿಡಿದು ನೋಡಿದೆ. ಗೀರಿನೊಳಗೆ ಬಿಳಿ ಕೂತಿದೆ. ಕೋಟಿಂಗ್ ಅಡಿಗೆ ಎರಡು ಮಿಲಿಮೀಟರ್ ಕೂಡ ಹೋಗಿಲ್ಲ.