ಬಿ.ಕಾಂ. ಮಕ್ಕಳನ್ನು ಇಂಟರ್ನ್‌ಶಿಪ್‌ಗೆ ಕಳಿಸುವ ಮುನ್ನ

ಚಿಕ್ಕಮಗಳೂರಿನ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ವಿಭಾಗದ ಅಧ್ಯಾಪಕಿ ನಾನು. ಇಂಟರ್ನ್‌ಶಿಪ್‌ನ ಹೊಣೆಯೂ ನನ್ನದೇ. ಬೇರೆ ಕಾಲೇಜಿನವರು ಫೋನ್ ಮಾಡಿದಾಗ ಮೊದಲು ಕೇಳುವುದು, ‘ಮೇಡಂ, ಸರ್ಟಿಫಿಕೇಟ್ ಎಲ್ಲಿ ಸುಲಭವಾಗಿ ಸಿಗುತ್ತದೆ?’ ಎಂದು. ನಾನು ಅವರನ್ನು ಕೇಳುವುದು ಬೇರೆ: ನಿಮ್ಮ ವಿದ್ಯಾರ್ಥಿನಿ ಮಾಡಿದ ಕೆಲಸ ಆ ಮಾಲೀಕರಿಗೆ ಬೇಕಾಗಿತ್ತೇ? ಬೇಡದ ಕೆಲಸ ಕೊಡುವ ಕಡೆಗೆ, ಕಚೇರಿ ಎಷ್ಟೇ ದೊಡ್ಡದಿರಲಿ, ಕಳಿಸಬೇಡಿ. ಹೆಸರಿರುವ ಕಚೇರಿಯೊಂದಕ್ಕೆ ಹೋದ ನಮ್ಮ ಮಕ್ಕಳು ಜೆರಾಕ್ಸ್ ಮಾಡಿಸುತ್ತಲೇ ದಿನ ಕಳೆದು ಬಂದದ್ದನ್ನು ಕಂಡು ನನಗೆ ಸಂಕಟವಾಗಿದೆ.

ನಮ್ಮೂರಿನಲ್ಲಿ ಜಾಗಗಳಿಗೆ ಕೊರತೆಯಿಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ), ಬೀಜ ಕೊಳ್ಳುವ ವ್ಯಾಪಾರಿಗಳು, ಎಸ್ಟೇಟ್ ಕಚೇರಿಗಳು, ಕಾಫಿಪುಡಿ ಅಂಗಡಿಗಳು, ತೆರಿಗೆ ಸಲಹೆಗಾರರು, ಸಹಕಾರಿ ಬ್ಯಾಂಕುಗಳು, ಹೋಂಸ್ಟೇಗಳು. ಆದರೆ ಕಾಲ ನೋಡಿ ಕಳಿಸಬೇಕು. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಅದರ ಬೆನ್ನಿಗೆ. ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವ ಗುಮಾಸ್ತರು) ಹೇಗೆ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಪುಸ್ತಕ, ಬರೆಯುತ್ತಾರೆ, ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿ ಹೇಗೆ ಕಟ್ಟುತ್ತಾರೆ, ಕೊಟ್ಟ ಮುಂಗಡ ಹೇಗೆ ಮುರಿದುಕೊಳ್ಳುತ್ತಾರೆ ಎಂಬುದು ಆಗಲೇ ಕಣ್ಣಿಗೆ ಬೀಳುವುದು. ತೆರಿಗೆ ಸಲಹೆಗಾರರ ಕಚೇರಿಯ ಲೆಕ್ಕ ಬೇರೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಸಲ್ಲಿಸಲು ಕೊನೆಯ ದಿನ. ಹೊಸ ಹುಡುಗನನ್ನು 18ಕ್ಕೆ ಕಳಿಸಿದರೆ ಅವನಿಗೆ ಹೇಳಿಕೊಡಲು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. 21ರ ನಂತರ ಕಳಿಸಿ. ಮುಂದಿನ ತಿಂಗಳ 14ಕ್ಕೆ 2ಬಿ (ಖರೀದಿಯ ಮೇಲಿನ ತೆರಿಗೆ ಜಮೆಯ ಪಟ್ಟಿ) ಬಂದಾಗ ಖರೀದಿ ಬಿಲ್ಲುಗಳನ್ನು ಅದಕ್ಕೆ ತಾಳೆ ನೋಡುವ ಕೆಲಸವನ್ನು ಅವನಿಗೇ ಒಪ್ಪಿಸುವಂತೆ ಮೊದಲೇ ಮಾತಾಡಿಕೊಳ್ಳಿ.

ಕಳಿಸುವ ಮುನ್ನ ತರಗತಿಯಲ್ಲೇ ಆಗಬೇಕಾದ ತಯಾರಿಗೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಊರಿನ ವ್ಯಾಪಾರದ ಒಂದು ಲೆಕ್ಕವನ್ನು ಬುಡದಿಂದ ಮಾಡಿಸುತ್ತೇನೆ. ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, ‘ಓಟಿ’ಯನ್ನೇ ತೆಗೆದುಕೊಳ್ಳಿ. 50 ಕೆ.ಜಿ. ಚೀಲದ ಒಣಗಿದ ಚೆರಿಯಿಂದ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೀಜ ಉಳಿಯುತ್ತದೋ ಅದೇ ಔಟ್‌ಟರ್ನ್, ಚಿಕ್ಕದಾಗಿ ಓಟಿ. ವ್ಯಾಪಾರಿ ಒಂದು ಓಟಿಗೆ ಇಷ್ಟು ಎಂದು ದರ ಹೇಳುತ್ತಾರೆ. ಲೆಕ್ಕಕ್ಕೆ ₹300 ಎಂದಿಟ್ಟುಕೊಂಡರೆ, 27 ಬಂದ ಚೀಲಕ್ಕೆ ₹8,100, 28 ಬಂದ ಚೀಲಕ್ಕೆ ₹8,400. ನೂರು ಚೀಲದ ಲೋಡಿನಲ್ಲಿ ಒಂದು ಓಟಿಯ ವ್ಯತ್ಯಾಸ ₹30,000! ಈ ಮೊತ್ತವನ್ನು ಬೋರ್ಡಿನ ಮೇಲೆ ಬರೆದಾಗ, ಮನೆಯಲ್ಲಿ ಎರಡೆಕರೆ ತೋಟವಿರುವ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಸ್ಯಾಂಪಲ್ ಯಾರು ತೆಗೆಯುತ್ತಾರೆ, ತೇವಾಂಶ ಹೆಚ್ಚಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದರೆ 5% ಎಂಬುದನ್ನೂ ಅಲ್ಲೇ ಸೇರಿಸುತ್ತೇನೆ.

ಫೋನಿನಲ್ಲಿ ಮಾತಾಡುವುದನ್ನೂ ಕಲಿಸಬೇಕು. ಇದನ್ನು ಯಾವ ಪಠ್ಯವೂ ಹೇಳುವುದಿಲ್ಲ, ಕೆಲಸಕ್ಕೆ ತೆಗೆದುಕೊಳ್ಳುವವರು ಮಾತ್ರ ಮೊದಲು ಗಮನಿಸುವುದು ಇದನ್ನೇ. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಹೀಗೆ ಹೇಳಿಸಿ: ‘ನಮಸ್ಕಾರ ಸಾರ್, ಕ್ಯೂರಿಂಗ್ ವರ್ಕ್ಸ್‌ನಿಂದ ಮಾತಾಡುತ್ತಿದ್ದೇನೆ. ನಿನ್ನೆಯ ಲೋಡಿನಲ್ಲಿ ನಿಮ್ಮ ಚೀಟಿಯ ಪ್ರಕಾರ 62 ಚೀಲ, ನಮ್ಮ ಪುಸ್ತಕದಲ್ಲಿ 61 ಇದೆ. ನಿಮ್ಮ ರೈಟರ್ ಹತ್ತಿರ ಒಮ್ಮೆ ಕೇಳಬಹುದೇ?’ ಯಾರ ಮೇಲೂ ತಪ್ಪು ಹೊರಿಸದೆ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುವುದು ಒಂದು ವಿದ್ಯೆ. ತರಗತಿಯಲ್ಲಿ ಬಾಯಿಯನ್ನೇ ಬಿಡದ ಹುಡುಗಿಯರು ಇದರಲ್ಲಿ ಎಲ್ಲರಿಗಿಂತ ಮುಂದೆ ಹೋಗುವುದನ್ನು ನೋಡಿದ್ದೇನೆ.

ಮಾಲೀಕರ ಜೊತೆ ಒಂದು ಪುಟದ ಒಪ್ಪಂದ ಸಾಕು. ಯಾವ ಕೆಲಸ, ಹೇಳಿಕೊಡುವವರು ಯಾರು, ಎಷ್ಟು ಹೊತ್ತಿಗೆ ಬಿಡುತ್ತಾರೆ, ಬಸ್ ಖರ್ಚು ಯಾರದು. ಆಲ್ದೂರು, ಮಲ್ಲಂದೂರು ಕಡೆಯ ಮಕ್ಕಳಿಗೆ ಸಂಜೆಯ ಬಸ್ ತಪ್ಪಿದರೆ ಮನೆ ಸೇರುವುದೇ ಕಷ್ಟ, ಆದ್ದರಿಂದ ಹೊತ್ತಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಅಂಗಡಿಯ ಪುಸ್ತಕವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆಯುವಂತಿಲ್ಲ ಎಂದೂ ಬರೆಸಿ.

1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬವರು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ತರಗತಿಗೂ ಕಾರ್ಖಾನೆಗೂ ಸರದಿಯಂತೆ ಕಳಿಸುವ ಪದ್ಧತಿ ಆರಂಭಿಸಿದರು. ಕಾರ್ಖಾನೆಗೆ ಹೋದವರು ತರಗತಿಗೆ ಮರಳಿ ಬರುತ್ತಿದ್ದರಲ್ಲ, ಅದರ ಬೆಲೆ ದೊಡ್ಡದು. ಹಾಗಾಗಿ ಶನಿವಾರ ಎಲ್ಲರನ್ನೂ ಕಾಲೇಜಿಗೆ ಕರೆಸುತ್ತೇನೆ. ಪ್ರತಿಯೊಬ್ಬರ ಡೈರಿಯಲ್ಲಿ ಮೂರು ಸಂಗತಿ ಇರಬೇಕು: ಈ ವಾರ ಮುಗಿಸಿದ ಕೆಲಸ, ಅರ್ಥವಾಗದ ಒಂದು ನಮೂದು, ಪುಸ್ತಕದಲ್ಲಿ ಓದಿದ್ದಕ್ಕೆ ಹೊಂದದ ಒಂದು ವಿಷಯ. ಮೂರನೆಯದರಿಂದಲೇ ಒಳ್ಳೆಯ ಪಾಠ ಹುಟ್ಟುತ್ತದೆ. ‘ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕಲಿತೆ’ ಎಂದಷ್ಟೇ ಬರೆದವರಿಗೆ ಡೈರಿ ವಾಪಸ್ ಕೊಟ್ಟು, ಯಾವ ವೋಚರ್ ನಮೂದಿಸಿದೆ, ಏಕೆ ಎಂದು ಬರೆಸುತ್ತೇನೆ. ಕೆಲಸದ ಸಂದರ್ಶನದಲ್ಲಿ ಅವರ ನೆರವಿಗೆ ಬರುವುದು ಈ ಬರಹವೇ.

ಅಂಕ ಕೊಡುವಾಗ ವರದಿಯ ಬೈಂಡಿಂಗ್ ನೋಡಬೇಡಿ. ಮಾಲೀಕರಿಗೆ ಫೋನ್ ಮಾಡಿ, ‘ಈ ಹುಡುಗಿಯನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತೀರಾ?’ ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ಕಾರಣ ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ತಂಡದ ತಯಾರಿ ಅಲ್ಲಿಂದ ಶುರುವಾಗಲಿ. ಬರುವ ಕೊಯ್ಲಿಗೆ ಜಾಗ ಬೇಕಿದ್ದರೆ ಸೆಪ್ಟೆಂಬರ್‌ನಲ್ಲೇ ಹೋಗಿ ಮಾತಾಡಿ ಬನ್ನಿ. ನವೆಂಬರ್ ಬಂದರೆ ಬೆಳೆಗಾರರೆಲ್ಲ ಕಣದಲ್ಲಿರುತ್ತಾರೆ, ಫೋನಿಗೂ ಸಿಗುವುದಿಲ್ಲ.